ಪೊಲೀಸರ ಎದೆಯ ಮೇಲಿನ ಕ್ಯಾಮೆರಾ: ಒಂದು ದಾಖಲೆಯ ಚರಿತ್ರೆ

ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲೀಡ್ಸ್ ಮತ್ತು ಸುತ್ತಲಿನ ಊರುಗಳಲ್ಲಿ ನೆಲೆಸಿರುವ ನಮ್ಮ ಬಳಗದ ಕುಟುಂಬಗಳಿಗೆ ಪೊಲೀಸರ ಎದೆಯ ಮೇಲಿನ ಆ ಕಪ್ಪು ಪೆಟ್ಟಿಗೆ ಈಗ ಹೊಸದಲ್ಲ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು, ನಡುವೆ ಒಂದು ಗಾಜಿನ ಕಣ್ಣು, ಚಿತ್ರೀಕರಣ ನಡೆಯುತ್ತಿದ್ದರೆ ಉರಿಯುವ ಕೆಂಪು ದೀಪ. ಇದನ್ನು ಬಾಡಿ ಕ್ಯಾಮೆರಾ ಎನ್ನುತ್ತಾರೆ. ಈ ಶತಮಾನದ ಆರಂಭದಲ್ಲಿ ಇಲ್ಲದಿದ್ದ ಈ ಉಪಕರಣ ಇಂದು ಲಾಠಿ, ಕೈಕೋಳಗಳಷ್ಟೇ ಸಹಜವಾಗಿ ಸಮವಸ್ತ್ರದ ಭಾಗವಾಗಿದೆ. ಉಪಕರಣ ಹೊಸದಾದರೂ ಅದು ಉತ್ತರಿಸಲು ಹೊರಟಿರುವ ಪ್ರಶ್ನೆ ಮಾತ್ರ ಬಹಳ ಹಳೆಯದು. ಪೊಲೀಸನಿಗೂ ನಾಗರಿಕನಿಗೂ ನಡುವೆ ನಡೆದದ್ದನ್ನು ದಾಖಲಿಸುವವರು ಯಾರು? ದಾಖಲಾದದ್ದನ್ನು ಯಾರೂ ತಿದ್ದದಂತೆ ಕಾಯುವವರು ಯಾರು?

ನಮ್ಮ ನಾಡಿನಲ್ಲಿ ಈ ಪ್ರಶ್ನೆಗೆ ಮಹಜರು ಎಂಬ ಉತ್ತರವಿದೆ. ಪೊಲೀಸರು ಮನೆಯನ್ನು ಶೋಧಿಸಿದರೆ, ವಸ್ತುವನ್ನು ಜಪ್ತಿ ಮಾಡಿದರೆ, ಇಬ್ಬರು ಪಂಚರನ್ನು ಕರೆದು, ಅವರೆದುರಿಗೆ ಬರೆದು, ಅವರ ರುಜು ಪಡೆಯಬೇಕು. ಬರೆಯುವವನು ಪೊಲೀಸನೇ ಆದರೂ ನೋಡುವವನು ಹೊರಗಿನವನಾಗಿರಬೇಕೆಂಬುದು ಅದರ ಹಿಂದಿನ ವಿವೇಕ. ಠಾಣೆಯ ಎದುರಿನ ಚಹಾದಂಗಡಿಯವನೇ ಎಷ್ಟೋ ಮೊಕದ್ದಮೆಗಳಿಗೆ ಖಾಯಂ ಪಂಚನಾಗಿಬಿಡುವ ಕಥೆಯನ್ನು ವಕೀಲ ಮಿತ್ರರು ನಗುತ್ತಾ ಹೇಳುವುದುಂಟು. ಆ ಮಾತು ಬೇರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೆಯ ಕಲಮು ಶೋಧ ಮತ್ತು ಜಪ್ತಿಯನ್ನು ಧ್ವನಿ-ದೃಶ್ಯ ರೂಪದಲ್ಲಿ ದಾಖಲಿಸಬೇಕೆಂದು ವಿಧಿಸಿದೆ. ಪಂಚರ ಜೊತೆಗೆ ಕ್ಯಾಮೆರಾವೂ ಬಂದು ನಿಂತಿದೆ. ಇಂಗ್ಲೆಂಡ್ ಇದೇ ತಾಣವನ್ನು ಬೇರೆ ದಾರಿಯಿಂದ ತಲುಪಿತು. ಆ ದಾರಿಯ ಬಹುಭಾಗ ನಾವು ದಿನವೂ ಓಡಾಡುವ ಈ ಊರುಗಳ ನಡುವೆಯೇ ಹಾದುಹೋಗುತ್ತದೆ.

ಲೀಡ್ಸ್ ನಗರದಿಂದ ಆರಂಭಿಸೋಣ. 1969ರ ಮೇ ತಿಂಗಳಲ್ಲಿ ಏರ್ ನದಿಯಲ್ಲಿ ಡೇವಿಡ್ ಒಲುವಾಲೆ ಎಂಬ ನೈಜೀರಿಯಾದ ವ್ಯಕ್ತಿಯ ಶವ ಸಿಕ್ಕಿತು. 1949ರಲ್ಲಿ ಹಡಗಿನಲ್ಲಿ ಅಡಗಿ ಕುಳಿತು ಹಲ್ ಬಂದರಿಗೆ ಬಂದಿದ್ದವನು. 1953ರಿಂದ ಸುಮಾರು ಎಂಟು ವರ್ಷ ಮೆನ್‌ಸ್ಟನ್ನಿನ ಮಾನಸಿಕ ಆಸ್ಪತ್ರೆಯಲ್ಲಿ ಕಳೆದವನು. ಕೊನೆಯ ವರ್ಷಗಳಲ್ಲಿ ಲೀಡ್ಸಿನ ಅಂಗಡಿಗಳ ಬಾಗಿಲಲ್ಲಿ ಮಲಗುತ್ತಿದ್ದವನು. ಅವನ ಸಾವು ಯಾರ ಗಮನಕ್ಕೂ ಬಾರದೆ ಮುಗಿದುಹೋಗಬೇಕಿತ್ತು. ಮರುವರ್ಷ ಪೊಲೀಸ್ ತರಬೇತಿಯಲ್ಲಿದ್ದ ಒಬ್ಬ ಹುಡುಗ, ಹಿರಿಯರಿಬ್ಬರು ಆ ಮನುಷ್ಯನನ್ನು ಹಿಂಸಿಸುತ್ತಿದ್ದರೆಂಬ ಮಾತನ್ನು ಮೇಲಿನವರ ಕಿವಿಗೆ ಹಾಕಿದ ಮೇಲೆಯೇ ತನಿಖೆಯಾದದ್ದು. 1971ರಲ್ಲಿ ಒಬ್ಬ ಇನ್‌ಸ್ಪೆಕ್ಟರ್ ಮತ್ತು ಒಬ್ಬ ಸಾರ್ಜೆಂಟ್ ಹಲ್ಲೆಯ ಅಪರಾಧಕ್ಕಾಗಿ ಜೈಲು ಸೇರಿದರು. ಸಾವಿಗೆ ಕಾರಣರಾದ ಆರೋಪದಿಂದ ನ್ಯಾಯಾಧೀಶರ ನಿರ್ದೇಶನದಂತೆ ಬಿಡುಗಡೆ ಹೊಂದಿದರು. ಒಲುವಾಲೆಯ ಕುರಿತ ಪೊಲೀಸ್ ಕಾಗದಗಳಲ್ಲಿ ರಾಷ್ಟ್ರೀಯತೆ ಎಂಬ ಅಂಕಣದೆದುರು ಬಣ್ಣದ ಜನರನ್ನು ಹೀಗಳೆಯುವ ಒಂದು ಬೈಗುಳವನ್ನು ಟೈಪು ಮಾಡಲಾಗಿತ್ತು. ದಾಖಲೆ ಇತ್ತು, ಆದರೆ ಅದು ಬರೆದವರ ಮನಸ್ಸಿನ ದಾಖಲೆಯಾಗಿತ್ತು. ಇಂದು ಲೀಡ್ಸಿನಲ್ಲಿ ಏರ್ ನದಿಯ ಮೇಲೆ ಅವನ ಹೆಸರಿನ ಕಾಲುಸೇತುವೆ ಇದೆ. 2022ರಲ್ಲಿ ಲೀಡ್ಸ್ ಸೇತುವೆಯ ಮೇಲೆ ಅವನ ನೆನಪಿಗಾಗಿ ಹಾಕಿದ ನೀಲಿ ಫಲಕವನ್ನು ಕೆಲವೇ ಗಂಟೆಗಳಲ್ಲಿ ಯಾರೋ ಕಿತ್ತುಕೊಂಡು ಹೋದರು.

ಇನ್ನು ಬರ್ಮಿಂಗ್‌ಹ್ಯಾಮ್. 1974ರ ನವೆಂಬರ್ 21ರ ರಾತ್ರಿ ನಗರದ ಎರಡು ಪಬ್ಬುಗಳಲ್ಲಿ ಬಾಂಬು ಸಿಡಿದು 21 ಜನ ಸತ್ತರು. ಬಂಧಿತರಾದ ಆರು ಐರಿಷ್ ಮೂಲದವರಿಗೆ ಮರುವರ್ಷ ಜೀವಾವಧಿ ಶಿಕ್ಷೆಯಾಯಿತು. ಹೊಡೆದು ತಪ್ಪೊಪ್ಪಿಗೆ ಬರೆಸಿಕೊಂಡರೆಂದು ಅವರು ಹೇಳಿದ್ದನ್ನು ನ್ಯಾಯಾಲಯ ನಂಬಲಿಲ್ಲ. ಮುಖದ ಮೇಲಿನ ಬಾವು, ಗಾಯಗಳ ಛಾಯಾಚಿತ್ರಗಳಿದ್ದವು. ಆದರೆ ಅವು ಪೊಲೀಸರು ಮಾಡಿದ ಗಾಯಗಳೋ, ಜೈಲಿನಲ್ಲಿ ಆದವುಗಳೋ? ವೈದ್ಯನಾಗಿ ಇಲ್ಲಿ ಒಂದು ಮಾತು ಸೇರಿಸಬೇಕು: ಚರ್ಮದ ಮೇಲಿನ ಕಪ್ಪು-ನೀಲಿ ಕಲೆಯ ಬಣ್ಣ ನೋಡಿ ಅದು ಯಾವ ದಿನ, ಯಾವ ಗಂಟೆಯಲ್ಲಿ ಆಯಿತೆಂದು ಖಚಿತವಾಗಿ ಹೇಳುವುದು ಸಾಧ್ಯವಿಲ್ಲ. ದೇಹ ತನ್ನ ಮೇಲಾದದ್ದನ್ನು ನೆನಪಿಡುತ್ತದೆ, ಗಡಿಯಾರ ನೋಡಿ ಬರೆದಿಡುವುದಿಲ್ಲ. 1976ರಲ್ಲಿ 14 ಜೈಲು ಸಿಬ್ಬಂದಿಯ ಮೇಲೆ ಹಲ್ಲೆಯ ಮೊಕದ್ದಮೆ ನಡೆದು, ಎಲ್ಲರೂ ಬಿಡುಗಡೆಯಾದರು.

ಕಡೆಗೆ ಸತ್ಯವನ್ನು ಹೇಳಿದ್ದು ಕಾಗದ. ಒಂದು ಹಾಳೆಯ ಮೇಲೆ ಬರೆಯುವಾಗ ಅದರಡಿಯ ಹಾಳೆಯ ಮೇಲೆ ಲೇಖನಿಯ ಒತ್ತು ಅಚ್ಚಾಗುತ್ತದೆ. ಸ್ಥಿರವಿದ್ಯುತ್ತಿನ ಒಂದು ಪರೀಕ್ಷೆಯಿಂದ ಕಣ್ಣಿಗೆ ಕಾಣದ ಆ ಅಚ್ಚನ್ನು ಓದಬಹುದು. ವಿಚಾರಣೆ ನಡೆಯುತ್ತಿದ್ದಾಗಲೇ ಬರೆದದ್ದೆಂದು ಪೊಲೀಸರು ಪ್ರಮಾಣ ಮಾಡಿದ ಟಿಪ್ಪಣಿಗಳು ಹಾಗೆ ಬರೆದವುಗಳಲ್ಲವೆಂದು ಈ ಪರೀಕ್ಷೆ ತೋರಿಸಿತು. 1991ರ ಮಾರ್ಚ್ 14ರಂದು, ಹದಿನಾರು ವರ್ಷಗಳಿಗೂ ಹೆಚ್ಚು ಕಾಲದ ಸೆರೆವಾಸದ ಬಳಿಕ, ಆರೂ ಜನ ಹೊರಬಂದರು. ಇದಕ್ಕೂ ಮೊದಲೇ, 1989ರಲ್ಲಿ, ವೆಸ್ಟ್ ಮಿಡ್‌ಲ್ಯಾಂಡ್ಸ್ ಪೊಲೀಸರ ಗಂಭೀರ ಅಪರಾಧ ದಳವನ್ನು ಅದರ ಮುಖ್ಯಸ್ಥರೇ ವಿಸರ್ಜಿಸಿದ್ದರು. ಆ ದಳ ಹೂಡಿದ್ದ ಮೊಕದ್ದಮೆಗಳಲ್ಲಿಯೂ ಇಂಥದ್ದೇ ಬದಲಿಸಿ ಬರೆದ ಹೇಳಿಕೆಗಳ ಆರೋಪವಿತ್ತು. ಮುಂದಿನ ವರ್ಷಗಳಲ್ಲಿ ಅವುಗಳ ಪೈಕಿ ಹಲವಾರು ಶಿಕ್ಷೆಗಳು ರದ್ದಾದವು.

ಈ ನಡುವೆ ಕಾನೂನೂ ಬದಲಾಗಿತ್ತು. 1981ರ ಜುಲೈನಲ್ಲಿ ಹ್ಯಾಂಡ್ಸ್‌ವರ್ತ್, ಮಾಸ್ ಸೈಡ್, ಚಾಪೆಲ್‌ಟೌನ್ ಬಡಾವಣೆಗಳು ಹೊತ್ತಿ ಉರಿದದ್ದು ಆಗಲೇ ಇಲ್ಲಿಗೆ ಬಂದಿದ್ದ ಹಿರಿಯ ಸದಸ್ಯರಿಗೆ ನೆನಪಿರಬಹುದು. ಬೀದಿಯಲ್ಲಿ ತಡೆದು ಜೇಬು ಶೋಧಿಸುವ ಪೊಲೀಸರ ರೀತಿ ಆ ಸಿಟ್ಟಿನ ಕಾರಣಗಳಲ್ಲೊಂದು. 1984ರಲ್ಲಿ ಅಂಗೀಕಾರವಾಗಿ 1986ರಲ್ಲಿ ಜಾರಿಗೆ ಬಂದ ಪೊಲೀಸ್ ಮತ್ತು ಅಪರಾಧ ಸಾಕ್ಷ್ಯ ಕಾಯಿದೆ, ಇಂತಹ ಶೋಧಕ್ಕೆ ಕಾರಣವಿರಬೇಕು, ಬರಹದ ದಾಖಲೆ ಇರಬೇಕು ಎಂದಿತು. ಠಾಣೆಯೊಳಗಿನ ವಿಚಾರಣೆಯನ್ನು ಟೇಪಿನಲ್ಲಿ ಮುದ್ರಿಸುವ ವ್ಯವಸ್ಥೆಯೂ ಅದರಿಂದಲೇ ಹುಟ್ಟಿತು.

ಆ ಟೇಪಿನ ವ್ಯವಸ್ಥೆಯ ಒಂದು ವಿವರವನ್ನು ಓದುಗರು ಗಮನಿಸಬೇಕು. ಯಂತ್ರದಲ್ಲಿ ಒಂದಕ್ಕಿಂತ ಹೆಚ್ಚು ಕ್ಯಾಸೆಟ್ಟುಗಳು ಏಕಕಾಲಕ್ಕೆ ಓಡುತ್ತಿದ್ದವು. ವಿಚಾರಣೆ ಮುಗಿದೊಡನೆ ಅವುಗಳಲ್ಲಿ ಒಂದನ್ನು ಆರೋಪಿಯ ಕಣ್ಣೆದುರಿಗೇ ಮೊಹರು ಮಾಡಿ, ಅದರ ಮೇಲೆ ರುಜು ಹಾಕಲು ಅವನನ್ನು ಕೇಳುತ್ತಿದ್ದರು. ಮುಂದೆ ವಿವಾದವಾದರೆ ನ್ಯಾಯಾಲಯದಲ್ಲಿ ಆ ಮೊಹರನ್ನು ಒಡೆದು ಕೇಳಬಹುದಿತ್ತು. ನಮ್ಮ ಮಹಜರಿನ ತತ್ತ್ವವೇ ಇದು. ದಾಖಲೆ ಪೊಲೀಸರ ಕೈಯಲ್ಲಿದ್ದರೂ, ಅದರ ಶುದ್ಧತೆಗೆ ಎದುರಾಳಿಯ ರುಜುವಿದೆ. ಮೊದಮೊದಲು ಟೇಪನ್ನು ಎದುರಿಸಿದ ಪೊಲೀಸರೇ ಕೆಲವು ವರ್ಷಗಳಲ್ಲಿ ಅದನ್ನು ಮೆಚ್ಚಿಕೊಂಡರು. ಸುಳ್ಳು ಆರೋಪದಿಂದ ಅವರನ್ನೂ ಅದು ಕಾಪಾಡಿತು.

ಟೇಪು ಠಾಣೆಯೊಳಗಿತ್ತು, ಬೀದಿ ಹೊರಗುಳಿದಿತ್ತು. 2006ರ ಹೊತ್ತಿಗೆ ಪ್ಲಿಮತ್ ನಗರದಲ್ಲಿ ತಲೆಗೆ ಕಟ್ಟಿಕೊಳ್ಳುವ ಕ್ಯಾಮೆರಾಗಳ ಪ್ರಯೋಗವಾಯಿತು. ಅದರ ಅನುಭವದ ಮೇಲೆ 2007ರಲ್ಲಿ ಬ್ರಿಟನ್ನಿನ ಗೃಹ ಇಲಾಖೆ ಮಾರ್ಗಸೂಚಿಯನ್ನು ಪ್ರಕಟಿಸಿತು. ಕ್ರಮೇಣ ಕ್ಯಾಮೆರಾ ತಲೆಯಿಂದ ಎದೆಗೆ ಇಳಿಯಿತು. ಆದರೆ ಅದಕ್ಕೆ ಜಗತ್ತಿನಾದ್ಯಂತ ಬೇಡಿಕೆ ಬಂದದ್ದು ಕ್ಯಾಲಿಫೋರ್ನಿಯಾದ ರಿಯಾಲ್ಟೊ ಎಂಬ ಚಿಕ್ಕ ಊರಿನಿಂದ. ಅಲ್ಲಿ 2012ರಿಂದ ಒಂದು ವರ್ಷ, 54 ಪೊಲೀಸರ ಮೇಲೆ, ನಾವು ಔಷಧಿಯನ್ನು ಪರೀಕ್ಷಿಸುವ ಕ್ರಮದಲ್ಲಿಯೇ ಕ್ಯಾಮೆರಾವನ್ನು ಪರೀಕ್ಷಿಸಿದರು. ಒಟ್ಟು 988 ಪಾಳಿಗಳು. ಯಾವ ಪಾಳಿಯಲ್ಲಿ ಕ್ಯಾಮೆರಾ ಧರಿಸಬೇಕು, ಯಾವುದರಲ್ಲಿ ಬೇಡ ಎಂಬುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಗೊತ್ತುಮಾಡಿದರು. ಬಲಪ್ರಯೋಗ ಅರ್ಧಕ್ಕಿಂತ ಹೆಚ್ಚು ಇಳಿಯಿತು. ದೂರುಗಳು ಹಿಂದಿನ ವರ್ಷಕ್ಕೆ ಹೋಲಿಸಿದರೆ ಶೇ. 88ರಷ್ಟು ಕಡಿಮೆಯಾದವು.

ಇಂತಹ ಫಲಿತಾಂಶ ಬಂದಾಗ ಔಷಧಿ ಕಂಪನಿಗಳು ಏನು ಮಾಡುತ್ತವೆಯೋ ಕ್ಯಾಮೆರಾ ಮಾರುವವರೂ ಅದನ್ನೇ ಮಾಡಿದರು. ಒಂದೇ ಊರಿನ ಪ್ರಯೋಗವನ್ನು ಎಲ್ಲ ರೋಗಕ್ಕೂ ಮದ್ದೆಂಬಂತೆ ಸಾರಿದರು. ಕೇಂಬ್ರಿಜ್ ವಿಶ್ವವಿದ್ಯಾಲಯದ ಅಪರಾಧಶಾಸ್ತ್ರಜ್ಞ ಬರಾಕ್ ಏರಿಯಲ್ ಮತ್ತು ಸಂಗಡಿಗರು ಮಾತ್ರ ಅಲ್ಲಿಗೇ ನಿಲ್ಲಿಸದೆ, ಹಲವು ಊರುಗಳಲ್ಲಿ ಅದೇ ಪ್ರಯೋಗವನ್ನು ಮರುಕಳಿಸಿದರು. ಅವುಗಳಲ್ಲಿ ಒಂದು ನಮ್ಮದೇ ಬರ್ಮಿಂಗ್‌ಹ್ಯಾಮಿನ ದಕ್ಷಿಣ ಭಾಗ. ವೆಸ್ಟ್ ಮಿಡ್‌ಲ್ಯಾಂಡ್ಸ್ ಪೊಲೀಸರ ಆರು ತಿಂಗಳ ಆ ಪ್ರಯೋಗದ ವರದಿ 2017ರಲ್ಲಿ ಪ್ರಕಟವಾಯಿತು. ಕ್ಯಾಮೆರಾ ಇದ್ದ ಪಾಳಿಗಳಲ್ಲಿ ಬಂಧನದ ವೇಳೆ ಬಲ ಬಳಸುವ ಸಾಧ್ಯತೆ ಸುಮಾರು ಅರ್ಧಕ್ಕೆ ಇಳಿದಿತ್ತು. ಆದರೆ ಇಳಿದದ್ದು ಬರಿಗೈಯ ಬಲ, ಅಂದರೆ ಹಿಡಿಯುವುದು, ತಳ್ಳುವುದು, ಕೊಸರಾಡುವವನಿಗೆ ಕೋಳ ತೊಡಿಸುವುದು. ಲಾಠಿ, ನಾಯಿ, ಮೆಣಸಿನ ಸಿಂಪಡಿಕೆ, ವಿದ್ಯುತ್ ಆಘಾತದ ಟೇಸರ್ ಇವುಗಳ ಬಳಕೆಯಲ್ಲಿ ಗಮನಿಸುವಂಥ ವ್ಯತ್ಯಾಸ ಕಾಣಲಿಲ್ಲ.

ಅದಕ್ಕಿಂತ ಮುಖ್ಯವಾದದ್ದು 2016ರಲ್ಲಿ ಪ್ರಕಟವಾದ, ಎಂಟು ಪೊಲೀಸ್ ಪಡೆಗಳ ಹತ್ತು ಪ್ರಯೋಗಗಳನ್ನು ಒಟ್ಟುಗೂಡಿಸಿದ ವರದಿ. ಎಲ್ಲವನ್ನೂ ಕೂಡಿಸಿ ನೋಡಿದರೆ ಕ್ಯಾಮೆರಾದಿಂದ ಬಲಪ್ರಯೋಗ ಕಡಿಮೆಯಾಗಲೇ ಇಲ್ಲ. ಪೊಲೀಸರ ಮೇಲಿನ ಹಲ್ಲೆ ಶೇ. 15ರಷ್ಟು ಹೆಚ್ಚಾಗಿತ್ತು. ನಮ್ಮ ವೃತ್ತಿಯಲ್ಲಿ ಇಂತಹ ಫಲಿತಾಂಶ ಬಂದಾಗ ಕೇಳುವ ಮೊದಲ ಪ್ರಶ್ನೆ, ರೋಗಿ ಮಾತ್ರೆಯನ್ನು ಹೇಳಿದ ಹಾಗೆ ನುಂಗಿದನೇ ಎಂಬುದು. ಸಂಶೋಧಕರೂ ಅದನ್ನೇ ಕೇಳಿದರು. ಎಲ್ಲಿ ಪೊಲೀಸರು ನಿಯಮದಂತೆ ಭೇಟಿಯ ಆರಂಭದಲ್ಲೇ ಕ್ಯಾಮೆರಾ ಹಚ್ಚಿ, ಎದುರಿಗಿರುವವರಿಗೆ ತಿಳಿಸಿದರೋ ಅಲ್ಲಿ ಬಲಪ್ರಯೋಗ ಶೇ. 37ರಷ್ಟು ಇಳಿದಿತ್ತು. ಎಲ್ಲಿ ಯಾವಾಗ ಹಚ್ಚಬೇಕೆಂಬುದನ್ನು ತಮ್ಮ ಇಷ್ಟಕ್ಕೆ ಬಿಟ್ಟುಕೊಂಡರೋ ಅಲ್ಲಿ ಶೇ. 71ರಷ್ಟು ಏರಿತ್ತು. ಜಗಳ ಶುರುವಾದ ಮೇಲೆ ಕ್ಯಾಮೆರಾ ಹಚ್ಚಿದರೆ ಅದು ಎಚ್ಚರಿಕೆಯಾಗುವುದಿಲ್ಲ, ಕೆಣಕಾಗುತ್ತದೆ ಎಂದು ನಾನು ಇದನ್ನು ಅರ್ಥಮಾಡಿಕೊಳ್ಳುತ್ತೇನೆ. ಇನ್ನೊಂದು ವರದಿಯಲ್ಲಿ, ವರ್ಷಾಂತ್ಯಕ್ಕೆ ದೂರುಗಳು ಶೇ. 93ರಷ್ಟು ಇಳಿದಿದ್ದವು; ಆಶ್ಚರ್ಯವೆಂದರೆ ಕ್ಯಾಮೆರಾ ಇಲ್ಲದ ಪಾಳಿಗಳಲ್ಲಿಯೂ ಇಳಿದಿದ್ದವು. ಇದನ್ನು ಸಂಶೋಧಕರು ನಡತೆಯ ಸೋಂಕು ಎಂಬರ್ಥದಲ್ಲಿ ವಿವರಿಸಿದರು. ಒಳ್ಳೆಯದೂ ಸೋಂಕುತ್ತದೆ ಎಂಬುದು ವೈದ್ಯರಿಗೆ ಅಪರೂಪಕ್ಕೆ ಕೇಳಸಿಗುವ ಸುದ್ದಿ. 2017ರಲ್ಲಿ ವಾಷಿಂಗ್ಟನ್ ನಗರದ 2,224 ಪೊಲೀಸರ ಮೇಲೆ ನಡೆದ ದೊಡ್ಡ ಪ್ರಯೋಗವಾದರೋ ಗುರುತಿಸಬಲ್ಲ ಯಾವ ಪರಿಣಾಮವನ್ನೂ ಕಾಣಲಿಲ್ಲ.

ಸಾಕ್ಷ್ಯ ಹೀಗೆ ಇಬ್ಬಗೆಯದಾಗಿದ್ದರೂ ಖರೀದಿ ನಿಲ್ಲಲಿಲ್ಲ. ಲಂಡನ್ ಪೊಲೀಸರು 2016ರಲ್ಲಿ 22,000 ಕ್ಯಾಮೆರಾಗಳನ್ನು ಹಂಚತೊಡಗಿದರು. ಮಿಡ್‌ಲ್ಯಾಂಡ್ಸ್ ಮತ್ತು ಉತ್ತರದ ಪಡೆಗಳೂ ಅದೇ ವರ್ಷಗಳಲ್ಲಿ ಕೊಂಡವು. ಕ್ಯಾಮೆರಾ ಕೊಳ್ಳುವುದು ಸುಲಭದ ಭಾಗ. ಪಾಳಿ ಮುಗಿದ ಮೇಲೆ ಅದನ್ನು ಠಾಣೆಯ ಚಾರ್ಜರಿಗೆ ಸಿಕ್ಕಿಸಬೇಕು, ದೃಶ್ಯಗಳು ಸರ್ವರಿಗೆ ಏರಬೇಕು, ಯಾವ ದೃಶ್ಯ ಯಾವ ಪ್ರಕರಣಕ್ಕೆ ಸೇರಿದ್ದೆಂದು ಪೊಲೀಸನೇ ಗುರುತು ಹಾಕಬೇಕು. ನ್ಯಾಯಾಲಯಕ್ಕೆ ಹೋಗುವ ಮೊದಲು ಸಂಬಂಧವಿಲ್ಲದವರ ಮುಖಗಳನ್ನು ಮಸುಕು ಮಾಡಲು ಯಾರೋ ಗಂಟೆಗಟ್ಟಲೆ ಕುಳಿತಿರಬೇಕು. ಎದೆಯ ಮೇಲಿನ ಕಣ್ಣಿಗೆ ತನ್ನದೇ ಆದ ಕುರುಡೂ ಇದೆ. ಧರಿಸಿದವನನ್ನು ಅದು ತೋರಿಸುವುದಿಲ್ಲ, ಅವನ ಎದುರಿಗಿರುವವನನ್ನು ಮಾತ್ರ ತೋರಿಸುತ್ತದೆ. ಇಬ್ಬರೂ ಕೈಕೈ ಮಿಲಾಯಿಸುವಷ್ಟು ಹತ್ತಿರ ಬಂದಾಗ, ಅಂದರೆ ದಾಖಲೆ ಅತ್ಯಗತ್ಯವಾದ ಗಳಿಗೆಯಲ್ಲಿ, ಪರದೆಯ ತುಂಬ ಬಟ್ಟೆ ಮತ್ತು ಕತ್ತಲೆ. ಗುಂಡಿ ಒತ್ತುವುದಕ್ಕೆ ಹಿಂದಿನ ಸುಮಾರು 30 ಸೆಕೆಂಡುಗಳನ್ನು ಅನೇಕ ಕ್ಯಾಮೆರಾಗಳು ತಾವಾಗಿಯೇ ಉಳಿಸಿಕೊಳ್ಳುತ್ತವೆ, ಆದರೆ ಸಾಮಾನ್ಯವಾಗಿ ಧ್ವನಿಯಿಲ್ಲದೆ. ಮೊದಲ ಬೈಗುಳ ಯಾರದು ಎಂಬುದು ಆ ಮೌನದಲ್ಲೇ ಉಳಿದುಬಿಡಬಹುದು.

ಅರ್ಧ ದೃಶ್ಯ ಎಂಥ ಅನಾಹುತ ಮಾಡಬಲ್ಲದೆಂಬುದನ್ನು ಮ್ಯಾಂಚೆಸ್ಟರ್ 2024ರ ಜುಲೈನಲ್ಲಿ ಕಂಡಿತು. ವಿಮಾನ ನಿಲ್ದಾಣದಲ್ಲಿ, ನೆಲದ ಮೇಲೆ ಬಿದ್ದಿದ್ದ ಯುವಕನೊಬ್ಬನ ತಲೆಗೆ ಪೊಲೀಸನೊಬ್ಬ ಒದೆಯುತ್ತಿರುವ ಮೊಬೈಲ್ ಚಿತ್ರ ಊರೆಲ್ಲ ಹಬ್ಬಿ, ಪ್ರತಿಭಟನೆಗಳಾದವು. ಕೆಲವು ದಿನಗಳ ಬಳಿಕ ಅದಕ್ಕೂ ಮುಂಚಿನ ಕ್ಷಣಗಳ ಸಿಸಿಟಿವಿ ಚಿತ್ರ ಹೊರಬಂತು. ಅದರಲ್ಲಿ ಪೊಲೀಸರ ಮೇಲೆ ಬೀಳುತ್ತಿದ್ದ ಹೊಡೆತಗಳಿದ್ದವು. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಮೊದಲ ದಿನ ಒಂದು ತೀರ್ಪು, ನಾಲ್ಕನೆಯ ದಿನ ಇನ್ನೊಂದು. ಎರಡನೆಯ ಚಿತ್ರ ಮೊದಲನೆಯದನ್ನು ಅಳಿಸಲಿಲ್ಲ, ಮೊದಲನೆಯದು ಎರಡನೆಯದನ್ನು ಸಮರ್ಥಿಸಲಿಲ್ಲ. ಎರಡನ್ನೂ ಪೂರ್ತಿ ನೋಡುವ ತಾಳ್ಮೆ ನ್ಯಾಯಾಲಯಕ್ಕಿರುತ್ತದೆ, ನಮ್ಮ ಹೆಬ್ಬೆರಳಿಗಿರುವುದಿಲ್ಲ.

ಕ್ಯಾಮೆರಾವನ್ನು ಕಾನೂನೇ ಕಡ್ಡಾಯಗೊಳಿಸಿರುವ ಒಂದು ಸ್ಥಳವಿದೆ. ನಮ್ಮ ವೈದ್ಯ ಸದಸ್ಯರಿಗೆ ಅದು ಗೊತ್ತಿರಬೇಕು. 2010ರಲ್ಲಿ ಲಂಡನ್ನಿನ ಬೆತ್ಲೆಮ್ ರಾಯಲ್ ಆಸ್ಪತ್ರೆಯಲ್ಲಿ ಸೆನಿ ಲೂಯಿಸ್ ಎಂಬ 23ರ ಯುವಕನನ್ನು 11 ಪೊಲೀಸರು ಒತ್ತಿಹಿಡಿದ ಪರಿಣಾಮವಾಗಿ ಆತ ತೀರಿಕೊಂಡ. ತಂದೆತಾಯಿಗಳ ವರ್ಷಗಟ್ಟಲೆಯ ಹೋರಾಟದ ಫಲವಾಗಿ 2018ರಲ್ಲಿ ಮಾನಸಿಕ ಆರೋಗ್ಯ ಘಟಕಗಳಲ್ಲಿನ ಬಲಪ್ರಯೋಗದ ಕಾಯಿದೆ ಬಂತು. ಅಂತಹ ಘಟಕಕ್ಕೆ ಸಿಬ್ಬಂದಿಯ ನೆರವಿಗೆ ಹೋಗುವ ಪೊಲೀಸರು, ಸಾಧ್ಯವಿರುವ ಮಟ್ಟಿಗೆ, ಬಾಡಿ ಕ್ಯಾಮೆರಾ ಧರಿಸಿ ಚಾಲೂ ಇಟ್ಟಿರಬೇಕೆಂದು ಅದು ವಿಧಿಸುತ್ತದೆ. ಮೆನ್‌ಸ್ಟನ್ನಿನ ವಾರ್ಡಿನಲ್ಲಿ ಎಂಟು ವರ್ಷ ಕಳೆದವನ ನೆನಪು ನನಗೆ ಇಲ್ಲಿ ಆಗದೆ ಇರುವುದಿಲ್ಲ. ಅದೇ ಹೊತ್ತಿಗೆ, ತುರ್ತು ಚಿಕಿತ್ಸಾ ವಿಭಾಗದಲ್ಲಿ ಪಕ್ಕದ ಪರದೆಯಾಚೆ ಬೇರೊಬ್ಬ ರೋಗಿ ತನ್ನ ಗುಟ್ಟಿನ ಕಾಯಿಲೆಯನ್ನು ಹೇಳಿಕೊಳ್ಳುತ್ತಿರುವಾಗ ಈ ಕೆಂಪು ದೀಪ ಉರಿಯುತ್ತಿದ್ದರೆ, ಅದನ್ನು ಆರಿಸಿ ಎಂದು ಕೇಳಬೇಕಾದದ್ದೂ ವೈದ್ಯರ ಕರ್ತವ್ಯವೇ.

ಇನ್ನೊಂದು ಸಂದರ್ಭವನ್ನು ನಮ್ಮ ಸಮಾಜದಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದ್ದರಿಂದಲೇ ಹೇಳುತ್ತೇನೆ. ಗಂಡನ ಏಟು ತಾಳಲಾರದೆ ಹೆಣ್ಣುಮಗಳೊಬ್ಬಳು 999ಕ್ಕೆ ಕರೆಮಾಡಿದರೆ, ಬಾಗಿಲಿಗೆ ಬರುವ ಪೊಲೀಸರ ಎದೆಯ ಮೇಲೆ ಕ್ಯಾಮೆರಾ ಇರುತ್ತದೆ. ಒಡೆದ ತಟ್ಟೆ, ಊದಿದ ಕೆನ್ನೆ, ಮೆಟ್ಟಿಲ ಮೇಲೆ ಮುದುಡಿ ಕುಳಿತ ಮಗು, ಅಳುವಿನ ನಡುವೆ ಕನ್ನಡದಲ್ಲೇ ಹೊರಬಿದ್ದ ನಾಲ್ಕು ಮಾತು, ಎಲ್ಲವೂ ದಾಖಲಾಗುತ್ತವೆ. ಮೂರನೆಯ ದಿನ ಊರಿನಿಂದ ಅತ್ತೆ-ಮಾವನ ಫೋನು ಬಂದು, ಮರ್ಯಾದೆಯ ಪ್ರಶ್ನೆ ಎದ್ದು, ಆಕೆ ಹೇಳಿಕೆಯನ್ನು ಹಿಂತೆಗೆದುಕೊಂಡರೂ ಆ ದೃಶ್ಯ ಹಿಂದೆ ಸರಿಯುವುದಿಲ್ಲ. ಆಕೆಯ ಸಾಕ್ಷ್ಯವಿಲ್ಲದೆಯೇ ಮೊಕದ್ದಮೆ ನಡೆಸಲು ಈ ದೇಶದ ಕಾನೂನಿನಲ್ಲಿ ಅವಕಾಶವಿದೆ, ಅದಕ್ಕೆ ಇಂತಹ ದೃಶ್ಯಗಳೇ ಆಧಾರ. ಕ್ಯಾಮೆರಾದ ಬಗ್ಗೆ ನನಗಿರುವ ಎಲ್ಲ ಸಂಶಯಗಳ ನಡುವೆಯೂ ಇದೊಂದು ಕಾರಣಕ್ಕೆ ಅದು ಬಂದದ್ದು ಒಳ್ಳೆಯದಾಯಿತೆಂದು ಭಾವಿಸುತ್ತೇನೆ.

ಸಂಶಯ ಉಳಿಯುವುದು ಮೊಹರಿನ ವಿಷಯದಲ್ಲಿ. ಕ್ಯಾಸೆಟ್ಟಿನ ಕಾಲದಲ್ಲಿ ಆರೋಪಿಯ ಕಣ್ಣೆದುರಿಗೆ ಮೊಹರಾದ ಪ್ರತಿಯೊಂದಿತ್ತು. ಬೀದಿಯ ಕ್ಯಾಮೆರಾದಲ್ಲಿ ಅಂಥದ್ದಿಲ್ಲ. ಹಚ್ಚುವವರು ಪೊಲೀಸರು, ಆರಿಸುವವರು ಪೊಲೀಸರು, ಗುರುತು ಹಾಕುವವರು, ಕಾಪಿಡುವವರು, ಅವಧಿ ಮುಗಿದಾಗ ಅಳಿಸುವವರು ಎಲ್ಲರೂ ಅವರೇ. ಯಾರು ಯಾವಾಗ ನೋಡಿದರೆಂದು ಯಂತ್ರ ಲೆಕ್ಕವಿಡುತ್ತದೆ ಎಂಬುದು ನಿಜ. ಆದರೂ ಬಿಬಿಸಿ 2023ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ತನಿಖೆಯಲ್ಲಿ ಕ್ಯಾಮೆರಾ ದುರುಪಯೋಗದ 150ಕ್ಕೂ ಹೆಚ್ಚು ವರದಿಗಳು ಹೊರಬಂದವು. ಬಲ ಬಳಸುವಾಗ ಆರಿಸಿದ್ದು, ದೃಶ್ಯ ಕಾಣೆಯಾದದ್ದು, ವಾಟ್ಸಾಪಿನಲ್ಲಿ ಹಂಚಿದ್ದು ಇವೆಲ್ಲ ಅದರಲ್ಲಿದ್ದವು. ಒತ್ತಿನ ಅಚ್ಚು ಕಾಗದದ ಮೇಲೆ ಉಳಿಯುತ್ತದೆ. ಹಚ್ಚದೇ ಇದ್ದ ಕ್ಯಾಮೆರಾದ ಅಡಿಯಲ್ಲಿ ಯಾವ ಹಾಳೆಯೂ ಇರುವುದಿಲ್ಲ.

ಆದ್ದರಿಂದ ಪಂಚರ ಕೆಲಸ ಸ್ವಲ್ಪ ಮಟ್ಟಿಗೆ ನಮ್ಮ ಮೇಲೆಯೇ ಬಿದ್ದಿದೆ. ಮಕ್ಕಳು ಹದಿಹರೆಯಕ್ಕೆ ಬಂದ ಮನೆಗಳಲ್ಲಿ ಇದನ್ನು ಒಮ್ಮೆ ಕುಳಿತು ಮಾತನಾಡುವುದು ಮೇಲು. ಪೊಲೀಸರು ತಡೆದರೆ, ಕ್ಯಾಮೆರಾ ಚಾಲೂ ಇದೆಯೇ ಎಂದು ಶಾಂತವಾಗಿ ಕೇಳಬಹುದು. ಅದರಲ್ಲಿ ಉದ್ಧಟತನವೇನೂ ಇಲ್ಲ. ಭುಜದ ಮೇಲಿನ ಸಂಖ್ಯೆ, ಸ್ಥಳ, ಸಮಯವನ್ನು ಮನೆಗೆ ಬಂದೊಡನೆ ಬರೆದಿಡಬೇಕು. ಶೋಧ ನಡೆಸಿದ್ದರೆ ಅದರ ಲಿಖಿತ ದಾಖಲೆಯ ಪ್ರತಿಯನ್ನು ಮೂರು ತಿಂಗಳೊಳಗೆ ಕೇಳಿ ಪಡೆಯುವ ಹಕ್ಕಿದೆ. ತಾವು ಕಾಣಿಸಿಕೊಂಡಿರುವ ದೃಶ್ಯವನ್ನು 2018ರ ದತ್ತಾಂಶ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ ಆಯಾ ಪೊಲೀಸ್ ಪಡೆಗೆ ಬರೆದು ಶುಲ್ಕವಿಲ್ಲದೆ ಕೇಳಬಹುದು. ತನಿಖೆ ನಡೆಯುತ್ತಿದ್ದರೆ ಕೊಡದಿರಬಹುದು, ಕೊಟ್ಟರೂ ಇತರರ ಮುಖ ಮಸುಕಾಗಿರುತ್ತದೆ. ಆದರೆ ಇಲ್ಲೊಂದು ಎಡವು ಇದೆ. ಸಾಕ್ಷ್ಯವೆಂದು ಗುರುತು ಹಾಕದ ದೃಶ್ಯವನ್ನು ಸಾಮಾನ್ಯವಾಗಿ 31 ದಿನಗಳಲ್ಲಿ ಅಳಿಸಲಾಗುತ್ತದೆ. ಕಾಗದಕ್ಕೆ ಮೂರು ತಿಂಗಳ ಅವಕಾಶವಿದೆ ಎಂದು ನಂಬಿ ಕುಳಿತರೆ, ಚಿತ್ರ ಅಷ್ಟರಲ್ಲಿ ಇಲ್ಲವಾಗಿರುತ್ತದೆ. ದೂರು ಕೊಡುವುದೋ ಬೇಡವೋ ಎಂಬ ತೀರ್ಮಾನ ಆಮೇಲೆ ಆಗಲಿ. ದೃಶ್ಯವನ್ನು ಉಳಿಸಿಡಿ ಎಂಬ ಪತ್ರವನ್ನು ಮೊದಲ ವಾರದಲ್ಲೇ ಕಳುಹಿಸಬೇಕು.